ನೀರೋ ಪಿಟೀಲು ಬಾರಿಸಲಿಲ್ಲ: ರೋಮ್‌ನ ‘ಹುಚ್ಚು ದೊರೆ’ಗಳ ಕಥೆಗಳು ಹುಟ್ಟಿದ ಬಗೆ

ಒಂದು ಕಡೆ ನೆರೆ ಬಂದು ಜನ ಬೀದಿಗೆ ಬಿದ್ದಿರುವಾಗ ಅಧಿಕಾರದಲ್ಲಿರುವವರು ಇನ್ನೊಂದು ಕಡೆ ಸನ್ಮಾನದ ಶಾಲು ಹೊದೆಸಿಕೊಳ್ಳುತ್ತಿದ್ದರೆ, ಮರುದಿನ ವಿರೋಧ ಪಕ್ಷದವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ರೋಮ್ ಹೊತ್ತಿ ಉರಿಯುತ್ತಿದ್ದಾಗ ನೀರೋ ಪಿಟೀಲು ಬಾರಿಸುತ್ತಿದ್ದನಂತೆ. ಕನ್ನಡದ ಮಟ್ಟಿಗೆ ಅದು ಈಗ ಹೆಚ್ಚುಕಡಿಮೆ ಗಾದೆಯೇ ಆಗಿಹೋಗಿದೆ. ರೋಮ್‌ನ ದೊರೆಗಳ ಬಗ್ಗೆ ಇಂಥ ಮಾತುಗಳ ಸುಗ್ಗಿ ಇತ್ತೀಚೆಗೆ ಇನ್ನಷ್ಟು ಜೋರಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ, ‘ನೀವು ರೋಮನ್ ಸಾಮ್ರಾಜ್ಯದ ಬಗ್ಗೆ ಎಷ್ಟು ಸಲ ಯೋಚಿಸುತ್ತೀರಿ?’ ಎಂದು ಹೆಂಗಸರು ತಮ್ಮ ಮನೆಯ ಗಂಡಸರನ್ನು ಕೇಳುವ ವಿಡಿಯೊಗಳು ಜಗತ್ತಿನಾದ್ಯಂತ ಹರಿದಾಡಿದವು. ಕುದುರೆಯನ್ನು ಮಂತ್ರಿ ಮಾಡಿದ ದೊರೆ, ಸಮುದ್ರದ ಮೇಲೆ ದಂಡೆತ್ತಿ ಹೋದ ದೊರೆ, ಅತಿಥಿಗಳನ್ನು ಹೂವಿನ ರಾಶಿಯಲ್ಲಿ ಉಸಿರುಗಟ್ಟಿಸಿ ಕೊಂದ ದೊರೆ ಎಂಬ ತುಣುಕುಗಳು ‘ನಿಮಗೆ ಗೊತ್ತೇ?’ ಎಂಬ ತಲೆಬರಹ ಹೊತ್ತು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಲೇ ಇವೆ.

ಈ ಕಥೆಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ಸತ್ಯ, ಕೆಲವು ನಿಜವೂ ಹೌದು. ಆದರೆ ಅವುಗಳನ್ನು ಒಂದೊಂದಾಗಿ ತೂಗಿ ನೋಡುವುದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಐನೂರು ವರ್ಷ ಬಾಳಿದ ಒಂದು ಸಾಮ್ರಾಜ್ಯದಲ್ಲಿ ಇಷ್ಟೊಂದು ಹುಚ್ಚರು ಹೇಗೆ ಸಿಂಹಾಸನ ಏರಿದರು? ನನ್ನ ದೃಷ್ಟಿಯಲ್ಲಿ ಉತ್ತರ ಆ ದೊರೆಗಳ ತಲೆಯೊಳಗಿಲ್ಲ. ಅವರು ಕುಳಿತ ಸಿಂಹಾಸನದ ಸ್ವಭಾವದಲ್ಲಿದೆ. ರೋಮ್‌ನ ಚಕ್ರವರ್ತಿ ಪದವಿಗೆ ಉತ್ತರಾಧಿಕಾರದ ನಿಯಮವೇ ಇರಲಿಲ್ಲ. ಹೀಗಾಗಿ ಹಿಂದಿನವನನ್ನು ಕೆಡವಿ ಬಂದ ಪ್ರತಿಯೊಬ್ಬನಿಗೂ ಹಿಂದಿನವನು ರಾಕ್ಷಸನಾಗಿರಲೇಬೇಕಾದ ಅಗತ್ಯವಿತ್ತು.

ನೀರೋನಿಂದಲೇ ಆರಂಭಿಸೋಣ. ಪಿಟೀಲು ಇಟಲಿಯಲ್ಲಿ ಈಗಿನ ರೂಪ ತಳೆದದ್ದು 16ನೇ ಶತಮಾನದಲ್ಲಿ. ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ. ಅವನು ನುಡಿಸುತ್ತಿದ್ದದ್ದು ಕಿಥಾರ ಎಂಬ, ಬೆರಳಿನಿಂದಲೋ ಕಡ್ಡಿಯಿಂದಲೋ ಮೀಟುವ ತಂತಿವಾದ್ಯ. ಇದು ಸಣ್ಣ ತಿದ್ದುಪಡಿ. ದೊಡ್ಡದು ಏನೆಂದರೆ, ಕ್ರಿ.ಶ. 64ರ ಜುಲೈನಲ್ಲಿ ರೋಮ್‌ಗೆ ಬೆಂಕಿ ಬಿದ್ದಾಗ ಅವನು ಊರಿನಲ್ಲಿಯೇ ಇರಲಿಲ್ಲ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಕಡಲತೀರದ ಪಟ್ಟಣ ಆಂಟಿಯಮ್‌ನಲ್ಲಿದ್ದ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಬೆಂಕಿ ತನ್ನ ಅರಮನೆಯ ಹತ್ತಿರ ಬರುವ ತನಕ ನೀರೋ ಹಿಂದಿರುಗಲಿಲ್ಲ ಎಂಬ ಆಕ್ಷೇಪವನ್ನೂ ಆತನೇ ದಾಖಲಿಸಿದ್ದಾನೆ. ಆದರೆ ಬಂದ ಮೇಲೆ ನೀರೋ ಮಾಡಿದ್ದನ್ನೂ ಆತ ಮರೆಮಾಚುವುದಿಲ್ಲ: ಮನೆ ಕಳೆದುಕೊಂಡವರಿಗಾಗಿ ಸಾರ್ವಜನಿಕ ಬಯಲನ್ನೂ ತನ್ನ ಸ್ವಂತ ತೋಟಗಳನ್ನೂ ತೆರೆದದ್ದು, ತಾತ್ಕಾಲಿಕ ಸೂರು ಹಾಕಿಸಿದ್ದು, ಅಕ್ಕಪಕ್ಕದ ಊರುಗಳಿಂದ ಆಹಾರ ಸಾಮಗ್ರಿ ತರಿಸಿ ಧಾನ್ಯದ ಬೆಲೆಯನ್ನು ಅಳತೆಗೆ 3 ಸೆಸ್ಟರ್ಸ್‌ಗೆ (ಸೆಸ್ಟರ್ಸ್ ಅಂದಿನ ರೋಮನ್ ನಾಣ್ಯ) ಇಳಿಸಿದ್ದು. ಬೆಂಕಿ ಆರು ದಿನ ಉರಿದು, ಆರಿತು ಎಂದು ಜನ ಉಸಿರು ಬಿಡುವಷ್ಟರಲ್ಲಿ ಮತ್ತೆ ಹೊತ್ತಿತು. ನಗರದ 14 ವಿಭಾಗಗಳಲ್ಲಿ 3 ಪೂರ್ತಿ ನೆಲಸಮವಾದವು, 7ರಲ್ಲಿ ಸುಟ್ಟ ಗೋಡೆಗಳಷ್ಟೇ ನಿಂತಿದ್ದವು, 4 ಮಾತ್ರ ಉಳಿದವು. ಆಮೇಲೆ ಕಟ್ಟಿದ ಬೀದಿಗಳು ಅಗಲವಾಗಿರಬೇಕು, ಕಟ್ಟಡಗಳಿಗೆ ಎತ್ತರದ ಮಿತಿ ಇರಬೇಕು, ಒಂದಿಷ್ಟು ಭಾಗವನ್ನು ಬೆಂಕಿ ತಡೆಯುವ ಕಲ್ಲಿನಲ್ಲೇ ಕಟ್ಟಬೇಕು, ಎರಡು ಮನೆಗಳ ನಡುವೆ ಗೋಡೆ ಹಂಚಿಕೊಳ್ಳಬಾರದು ಎಂಬ ನಿಯಮಗಳನ್ನು ತಂದವನೂ ಇದೇ ನೀರೋ.

ಹಾಗೆಂದು ಅವನು ಸಜ್ಜನನಾಗಿರಲಿಲ್ಲ. ಕ್ರಿ.ಶ. 59ರಲ್ಲಿ ಹೆತ್ತ ತಾಯಿ ಅಗ್ರಿಪ್ಪಿನಾಳನ್ನು ಕೊಲ್ಲಿಸಿದವನು ಅವನು. ಬೆಂಕಿಯ ಅಪವಾದ ತಪ್ಪಿಸಿಕೊಳ್ಳಲು ಕ್ರೈಸ್ತರ ಮೇಲೆ ಗೂಬೆ ಕೂರಿಸಿ ಅವರನ್ನು ಹಿಂಸಿಸಿ ಕೊಂದವನು. ಸುಟ್ಟ ನಗರದ ನಡುವೆಯೇ ತನಗಾಗಿ ಚಿನ್ನದ ಅರಮನೆ ಎಬ್ಬಿಸಿದವನು. ಅವನ ಅಪರಾಧಗಳ ಪಟ್ಟಿಗೆ ಪಿಟೀಲನ್ನು ಸೇರಿಸುವ ಅಗತ್ಯವಿಲ್ಲ. ಆದರೂ ಸೇರಿತು. ಬೆಂಕಿಯ ಹೊತ್ತಿನಲ್ಲಿ ಅವನು ಟ್ರಾಯ್ ನಗರದ ನಾಶದ ಹಾಡು ಹೇಳಿದನೆಂಬುದು ಟ್ಯಾಸಿಟಸ್‌ನಲ್ಲಿ ಗಾಳಿಸುದ್ದಿ. ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ಯುಟೋನಿಯಸ್‌ನ ಬರಹದಲ್ಲಿ ಅದೇ ಸಂಗತಿ ನಡೆದ ಘಟನೆಯಾಗುತ್ತದೆ. ಸುಮಾರು 150 ವರ್ಷಗಳ ಬಳಿಕ ಗ್ರೀಕ್‌ನಲ್ಲಿ ಬರೆದ ಕ್ಯಾಸಿಯಸ್ ಡಿಯೋನ ಕೈಯಲ್ಲಿ ವೇಷಭೂಷಣ ಸಮೇತ ಪೂರ್ಣ ದೃಶ್ಯವಾಗುತ್ತದೆ. ಬೆಂಕಿ ಬಿದ್ದಾಗ ಟ್ಯಾಸಿಟಸ್ ಎಂಟೊಂಬತ್ತು ವರ್ಷದ ಹುಡುಗ, ಸ್ಯುಟೋನಿಯಸ್ ಇನ್ನೂ ಹುಟ್ಟಿರಲಿಲ್ಲ. ಆ ಕಾಲದಲ್ಲೇ ಬದುಕಿದ್ದ ಹಿರಿಯ ಪ್ಲಿನಿ ನೀರೋನನ್ನೇ ದೂರಿದ್ದಾನೆ ಎಂಬುದೂ ನಿಜ. ಆದರೆ ಆತ ಬರೆದದ್ದು ನೀರೋ ವಂಶ ಅಳಿದು ವೆಸ್ಪಾಸಿಯನ್‌ನ ವಂಶ ಪಟ್ಟಕ್ಕೆ ಬಂದ ಮೇಲೆ, ಆ ಬರಹವನ್ನು ಅರ್ಪಿಸಿದ್ದು ವೆಸ್ಪಾಸಿಯನ್‌ನ ಮಗ ಟೈಟಸ್‌ಗೆ.

ಇನ್ನೊಂದು ಕಡೆಯ ಸಾಕ್ಷಿಯೂ ಇದೆ, ಮತ್ತು ಅದನ್ನು ಕೊಡುವವನು ನೀರೋನನ್ನು ಹಳಿಯುವ ಸ್ಯುಟೋನಿಯಸ್ಸೇ: ಅವನು ಸತ್ತ ಮೇಲೆ ಬಹುಕಾಲ ಅವನ ಸಮಾಧಿಯ ಮೇಲೆ ಜನ ವಸಂತ ಮತ್ತು ಬೇಸಿಗೆಯ ಹೂಗಳನ್ನು ಇಡುತ್ತಿದ್ದರಂತೆ. ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ‘ನಾನೇ ನೀರೋ, ಸತ್ತಿಲ್ಲ’ ಎಂದು ಹೇಳಿಕೊಂಡು ಇಪ್ಪತ್ತು ವರ್ಷಗಳೊಳಗೆ ಕನಿಷ್ಠ ಮೂವರು ಎದ್ದು ಬಂದರು, ಅವರ ಹಿಂದೆ ಜನ ನಡೆದರು. ಎಲ್ಲರೂ ಶಪಿಸುತ್ತಿದ್ದ ದೊರೆಯ ಹೆಸರಿನಲ್ಲಿ ವೇಷ ಹಾಕಲು ಯಾರೂ ಮುಂದಾಗುವುದಿಲ್ಲ. ನೀರೋನನ್ನು ದ್ವೇಷಿಸಿದ ರೋಮ್ ಒಂದಿತ್ತು, ಪ್ರೀತಿಸಿದ ರೋಮ್ ಇನ್ನೊಂದಿತ್ತು. ಲೇಖನಿ ಇದ್ದದ್ದು ಮೊದಲಿನದರ ಕೈಯಲ್ಲಿ.

ಆ ಲೇಖನಿ ಹಿಡಿದವರು ಬಹುಪಾಲು ಸೆನೆಟ್ ಎಂಬ ಗಣ್ಯರ ಆಡಳಿತ ಸಭೆಗೆ ಸೇರಿದವರು, ಇಲ್ಲವೇ ಅದರ ಅಕ್ಕಪಕ್ಕದ ವರ್ಗದವರು. ಅವರಿಗೂ ಚಕ್ರವರ್ತಿಗಳಿಗೂ ಇದ್ದ ತಿಕ್ಕಾಟದ ಮೂಲ ಕ್ರಿ.ಪೂ. 27ರಲ್ಲಿದೆ. ರೋಮನ್ನರು ತಮ್ಮ ಕೊನೆಯ ಅರಸನನ್ನು ಕ್ರಿ.ಪೂ. 509ರಲ್ಲಿ ಓಡಿಸಿದರು ಎಂಬುದು ಅವರ ಪರಂಪರೆಯ ನಂಬಿಕೆ. ಅಂದಿನಿಂದ ‘ಅರಸ’ ಎಂಬ ಪದವೇ ಅವರಲ್ಲಿ ಬೈಗುಳ. ಅರಸನಾಗುತ್ತಿದ್ದಾನೆ ಎಂಬ ಗುಮಾನಿಯ ಮೇಲೆಯೇ ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರ್‌ನನ್ನು ಸೆನೆಟರ್‌ಗಳು ಇರಿದು ಕೊಂದರು. ಅವನ ದತ್ತುಮಗ ಆಕ್ಟೇವಿಯನ್ ಆ ಪಾಠವನ್ನು ಚೆನ್ನಾಗಿ ಕಲಿತಿದ್ದ. ಎದುರಾಳಿಗಳನ್ನೆಲ್ಲ ಸೋಲಿಸಿದ ಮೇಲೆ ಅವನು ಕಿರೀಟ ಧರಿಸಲಿಲ್ಲ. ಅಧಿಕಾರವನ್ನೆಲ್ಲ ಸೆನೆಟ್‌ಗೂ ಜನತೆಗೂ ಮರಳಿಸಿದ್ದೇನೆ ಎಂದು ಸಾರಿದ. ಸೆನೆಟ್ ಅವನಿಗೆ ‘ಆಗಸ್ಟಸ್’ ಎಂಬ ಬಿರುದು ಕೊಟ್ಟಿತು. ತನ್ನನ್ನು ಅವನು ಕರೆದುಕೊಂಡದ್ದು ‘ಮೊದಲ ಪ್ರಜೆ’ ಎಂದು. ಸೇನೆ, ಖಜಾನೆ, ವೀಟೊ ಅಧಿಕಾರ ಎಲ್ಲವೂ ಅವನಲ್ಲೇ ಉಳಿದವು.

ಈ ಏರ್ಪಾಟಿನ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ಅದರೊಳಗೆ ಅಡಗಿದ್ದ ಬಿರುಕಿನ ಬಗ್ಗೆ ಮಾತಾಡುವವರು ಕಡಿಮೆ. ಅರಸನೇ ಇಲ್ಲದ ಮೇಲೆ ಯುವರಾಜ ಎಲ್ಲಿಂದ ಬರಬೇಕು? ಮಗನಿಗೆ ಪಟ್ಟ ಕಟ್ಟುತ್ತೇನೆ ಎಂದು ಕಾನೂನಿನಲ್ಲಿ ಬರೆದರೆ ಇಡೀ ನಾಟಕ ಬಯಲಾಗುತ್ತದೆ. ಬರೆಯದಿದ್ದರೆ ಪ್ರತಿಯೊಬ್ಬ ಚಕ್ರವರ್ತಿ ಸತ್ತಾಗಲೂ ಪ್ರಶ್ನೆ ಹೊಸದಾಗಿ ಏಳುತ್ತದೆ. ಆಗಸ್ಟಸ್‌ನಿಂದ ನೀರೋವರೆಗಿನ ಐವರಲ್ಲಿ ಯಾರೊಬ್ಬನೂ ತನ್ನ ಹಿಂದಿನವನ ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ. ಸ್ವಂತ ತಂದೆಯ ಬೆನ್ನಿಗೆ ಮಗನೊಬ್ಬ ಮೊದಲ ಬಾರಿಗೆ ಆ ಪದವಿಗೆ ಬಂದದ್ದು ಕ್ರಿ.ಶ. 79ರಲ್ಲಿ, ಟೈಟಸ್‌ನ ಕಾಲಕ್ಕೆ. ಅಂದರೆ ವ್ಯವಸ್ಥೆ ಆರಂಭವಾಗಿ ನೂರು ವರ್ಷ ಮೀರಿದ ಮೇಲೆ. ಮುಂದೆ ಹಾಗಾದದ್ದು ಮತ್ತೆ ನೂರು ವರ್ಷಕ್ಕೆ, ಕ್ರಿ.ಶ. 180ರಲ್ಲಿ. ಎರಡನೇ ಶತಮಾನದ ‘ಐವರು ಒಳ್ಳೆಯ ಚಕ್ರವರ್ತಿ’ಗಳು ಯೋಗ್ಯತೆ ನೋಡಿ ಉತ್ತರಾಧಿಕಾರಿಯನ್ನು ದತ್ತು ತೆಗೆದುಕೊಂಡರು ಎಂಬ ಮಾತು ಪಠ್ಯಗಳಲ್ಲಿ ಇಂದಿಗೂ ಕಾಣುತ್ತದೆ. ವಾಸ್ತವದಲ್ಲಿ ಮೊದಲ ನಾಲ್ವರಿಗೆ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಐದನೆಯವನಾದ, ತತ್ತ್ವಜ್ಞಾನಿ ಎಂದು ಹೆಸರಾದ ಮಾರ್ಕಸ್ ಆರೇಲಿಯಸ್‌ಗೆ ಹನ್ನೆರಡಕ್ಕೂ ಹೆಚ್ಚು ಮಕ್ಕಳು ಹುಟ್ಟಿ, ಕೊನೆಗೆ ಒಬ್ಬ ಮಗ ಉಳಿದಿದ್ದ. ಆತ ಎರಡನೇ ಯೋಚನೆ ಇಲ್ಲದೆ ಅಧಿಕಾರವನ್ನು ಆ ಮಗ ಕೊಮೊಡಸ್‌ನಿಗೇ ಕೊಟ್ಟ.

ಈ ಬಿರುಕಿನ ಸಾಕ್ಷಿ ನಮ್ಮ ನೆಲದಲ್ಲೂ ಸಿಕ್ಕಿದೆ ಎಂಬುದನ್ನು ಕನ್ನಡದ ಓದುಗರು ಗಮನಿಸಬೇಕು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಆಗಸ್ಟಸ್ ಮತ್ತು ಟೈಬೀರಿಯಸ್‌ನ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ದೊರೆತ ಆಗಸ್ಟಸ್‌ನ ದಿನಾರಿ ಎಂಬ ಬೆಳ್ಳಿ ನಾಣ್ಯಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಬಗೆಯೊಂದಿದೆ. ಒಂದು ಮಗ್ಗುಲಿನಲ್ಲಿ ಎಲೆಗಳ ಮುಡಿ ಧರಿಸಿದ ಆಗಸ್ಟಸ್‌ನ ತಲೆ. ಇನ್ನೊಂದು ಮಗ್ಗುಲಿನಲ್ಲಿ ರೋಮನ್ ಮೇಲುಡುಪು ಟೋಗಾ ಹೊದ್ದು ಅಕ್ಕಪಕ್ಕ ನಿಂತ ಇಬ್ಬರು ಹುಡುಗರು, ಪ್ರತಿಯೊಬ್ಬನ ಕೈ ನೆಲಕ್ಕೂರಿದ ಗುರಾಣಿಯ ಮೇಲಿದೆ, ನಡುವೆ ಈಟಿಗಳಿವೆ. ಇವರು ಗೈಯಸ್ ಮತ್ತು ಲೂಸಿಯಸ್. ಆಗಸ್ಟಸ್‌ನ ಒಬ್ಬಳೇ ಮಗಳು ಜೂಲಿಯಾಳ ಮಕ್ಕಳು, ತಾತನೇ ದತ್ತು ತೆಗೆದುಕೊಂಡ ಮೊಮ್ಮಕ್ಕಳು. ಕಾನೂನಿನಲ್ಲಿ ಬರೆಯಲಾಗದ್ದನ್ನು ಅವನು ಬೆಳ್ಳಿಯ ಮೇಲೆ ಬರೆಸಿದ. ಲೂಸಿಯಸ್ ಕ್ರಿ.ಶ. 2ರಲ್ಲಿ ಸತ್ತ, ಗೈಯಸ್ ಕ್ರಿ.ಶ. 4ರಲ್ಲಿ. ಅದಕ್ಕೂ ಮೊದಲೇ ಅಳಿಯಂದಿರಿಬ್ಬರು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಕೊನೆಗೆ ಉಳಿದವನು ಹೆಂಡತಿಯ ಮೊದಲ ಗಂಡನ ಮಗ ಟೈಬೀರಿಯಸ್. ಮೆಣಸು, ಮುತ್ತು, ಬಟ್ಟೆಗಾಗಿ ಕಡಲು ದಾಟಿ ಬಂದ ಆ ಬೆಳ್ಳಿಯ ಮೇಲೆ, ಎಂದೂ ಪಟ್ಟಕ್ಕೆ ಬಾರದ ಇಬ್ಬರು ಹುಡುಗರು ಇನ್ನೂ ನಿಂತೇ ಇದ್ದಾರೆ.

ಟೈಬೀರಿಯಸ್‌ನ ನಂತರ ಬಂದ ಇನ್ನೊಬ್ಬ ಗೈಯಸ್‌ನನ್ನು ನಾವು ‘ಕ್ಯಾಲಿಗುಲಾ’ ಎಂದು ಕರೆಯುತ್ತೇವೆ. ಅದು ಹೆಸರಲ್ಲ, ಸೈನಿಕರ ಪಾಳೆಯದಲ್ಲಿ ಬೆಳೆದ ಮಗುವಿಗೆ ಅವರು ಪ್ರೀತಿಯಿಂದ ಇಟ್ಟ ಅಡ್ಡಹೆಸರು, ‘ಪುಟ್ಟ ಬೂಟು’ ಎಂಬ ಅರ್ಥದ್ದು. ತನ್ನ ಕುದುರೆ ಇನ್ಸಿಟಾಟಸ್‌ನನ್ನು ಅವನು ಕಾನ್ಸಲ್ (ರೋಮ್‌ನ ಅತ್ಯುನ್ನತ ಅಧಿಕಾರಿ) ಮಾಡಿದ ಎಂಬುದು ಇಂದು ಅತಿ ಹೆಚ್ಚು ಹರಿದಾಡುವ ಕಥೆ. ಸ್ಯುಟೋನಿಯಸ್ ಬರೆದಿರುವುದು ಇಷ್ಟು: ಕುದುರೆಗೆ ಅಮೃತಶಿಲೆಯ ಲಾಯ, ದಂತದ ಮೇವಿನ ತೊಟ್ಟಿ ಇದ್ದವು, ಅದನ್ನು ಕಾನ್ಸಲ್ ಮಾಡುವ ಯೋಚನೆಯೂ ಅವನಿಗಿತ್ತು ಎನ್ನುತ್ತಾರೆ. ‘ಎನ್ನುತ್ತಾರೆ’ ಎಂಬ ಆ ಒಂದು ಪದ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಕುದುರೆ ಯಾವ ಪದವಿಯನ್ನೂ ಏರಲಿಲ್ಲ. ‘ನೀವು ಮಾಡುವ ಕೆಲಸವನ್ನು ನನ್ನ ಕುದುರೆಯೂ ಮಾಡಬಲ್ಲದು’ ಎಂದು ಸೆನೆಟರ್‌ಗಳನ್ನು ಅವಮಾನಿಸಲು ಅವನು ಆಡಿದ ಮಾತಾಗಿದ್ದಿರಬಹುದು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಅವಮಾನಿತರಾದವರೇ ಅವನ ಚರಿತ್ರೆ ಬರೆದರು.

ಕ್ರಿ.ಶ. 41ರ ಜನವರಿ 24ರಂದು ಅವನದೇ ಕಾವಲುಪಡೆಯ ಅಧಿಕಾರಿಗಳು ಅವನನ್ನು ಕೊಂದರು. ಮುಂದಿನ ಕೆಲವು ಗಂಟೆಗಳಲ್ಲಿ ನಡೆದದ್ದು ರೋಮನ್ ಅಧಿಕಾರದ ನಿಜವಾದ ಸ್ವರೂಪವನ್ನು ಬಯಲು ಮಾಡಿತು. ಸೆನೆಟ್ ಸಭೆ ಸೇರಿ, ಹಳೆಯ ಗಣರಾಜ್ಯವನ್ನು ಮತ್ತೆ ತರೋಣವೇ ಎಂದು ಚರ್ಚಿಸುತ್ತಿತ್ತು. ಅತ್ತ ಅರಮನೆಯಲ್ಲಿ ಸತ್ತವನ ಚಿಕ್ಕಪ್ಪ, ಕುಂಟುತ್ತ ತೊದಲುತ್ತ ಇದ್ದ ಐವತ್ತು ವರ್ಷದ ಕ್ಲಾಡಿಯಸ್ ಪರದೆಯ ಹಿಂದೆ ಬಚ್ಚಿಟ್ಟುಕೊಂಡಿದ್ದ. ಓಡಾಡುತ್ತಿದ್ದ ಸೈನಿಕನೊಬ್ಬ ಪರದೆಯ ಕೆಳಗೆ ಇಣುಕುತ್ತಿದ್ದ ಪಾದಗಳನ್ನು ಕಂಡು ಎಳೆದ. ಪ್ರಾಣಭಯದಿಂದ ಕಾಲಿಗೆ ಬಿದ್ದವನಿಗೆ ಆ ಸೈನಿಕ ಚಕ್ರವರ್ತಿ ಎಂದು ವಂದಿಸಿದ. ಕಾವಲುಪಡೆ ಅವನನ್ನು ಪಾಳೆಯಕ್ಕೆ ಹೊತ್ತೊಯ್ದಿತು. ಪ್ರತಿ ಸೈನಿಕನಿಗೆ 15,000 ಸೆಸ್ಟರ್ಸ್ ಕೊಡುವ ಭರವಸೆ ಕೊಟ್ಟು ಅವನು ಹೊರಬಂದ. ಸೈನಿಕರ ನಿಷ್ಠೆಯನ್ನು ಹಣಕ್ಕೆ ಕೊಂಡ ಮೊದಲ ಸೀಸರ್ ಇವನೇ ಎಂದು ಸ್ಯುಟೋನಿಯಸ್ ಹೇಳುತ್ತಾನೆ. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಕ್ಲಾಡಿಯಸ್ ಮಾಡಲಿಲ್ಲ: ಅವನ ಚಿನ್ನ, ಬೆಳ್ಳಿ ನಾಣ್ಯಗಳ ಮೇಲೆ ಆ ಪಾಳೆಯದ ಗೋಡೆಯ ಚಿತ್ರವಿದೆ, ಅದರ ಮೇಲೆ ‘ಚಕ್ರವರ್ತಿಯನ್ನು ಬರಮಾಡಿಕೊಂಡರು’ ಎಂಬ ಅರ್ಥದ ಅಕ್ಷರಗಳಿವೆ.

ದಡ್ಡನೆಂದು ಮನೆಮಂದಿಯೇ ಮೂಲೆಗೆ ತಳ್ಳಿದ್ದ ಈ ಮನುಷ್ಯ ಪ್ರಾಚೀನ ಇಟಲಿಯ ಎಟ್ರುಸ್ಕನ್ ಜನರ ಇತಿಹಾಸವನ್ನು 20 ಸಂಪುಟಗಳಲ್ಲಿ ಬರೆದಿದ್ದ; ಲ್ಯಾಟಿನ್ ಲಿಪಿಗೆ ಮೂರು ಹೊಸ ಅಕ್ಷರಗಳನ್ನೂ ಸೇರಿಸಿದ್ದ. ರೋಮನ್ ಇತಿಹಾಸಕಾರರನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದಕ್ಕೆ ನಮಗೆ ಸಿಕ್ಕಿರುವ ಅತ್ಯುತ್ತಮ ಒರೆಗಲ್ಲು ಅವನ ಕಾಲದ್ದೇ. ಗಾಲ್ ಪ್ರಾಂತದ ಮುಖಂಡರಿಗೆ ಸೆನೆಟ್‌ನಲ್ಲಿ ಜಾಗ ಕೊಡಬೇಕೆಂದು ಕ್ರಿ.ಶ. 48ರಲ್ಲಿ ಅವನು ಮಾಡಿದ ಭಾಷಣವನ್ನು ಕಂಚಿನ ಫಲಕದ ಮೇಲೆ ಕೆತ್ತಿಸಿ ಇಂದಿನ ಫ್ರಾನ್ಸ್‌ನ ಲಿಯಾನ್‌ನಲ್ಲಿ ನಿಲ್ಲಿಸಲಾಗಿತ್ತು. ಅದರ ದೊಡ್ಡ ತುಂಡುಗಳು 1528ರಲ್ಲಿ ದೊರೆತವು. ಅದೇ ಭಾಷಣವನ್ನು ಟ್ಯಾಸಿಟಸ್ ಕೂಡ ಬರೆದಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವಾದದ ತಿರುಳು ಒಂದೇ, ಮನುಷ್ಯ ಬೇರೆ. ಟ್ಯಾಸಿಟಸ್‌ನ ಕ್ಲಾಡಿಯಸ್ ಬಿಗಿಯಾಗಿ, ಚೊಕ್ಕವಾಗಿ ಮಾತಾಡುತ್ತಾನೆ. ಕಂಚಿನ ಮೇಲಿನ ಕ್ಲಾಡಿಯಸ್ ಹಳೆಯ ಅರಸರ ವಂಶಾವಳಿಗೆ ಜಾರಿ, ಎಟ್ರುಸ್ಕನ್ ಮೂಲಗಳ ಪಾಂಡಿತ್ಯ ಪ್ರದರ್ಶನಕ್ಕೆ ಇಳಿದು, ಮಾತಿನ ಮಧ್ಯೆ ತನ್ನನ್ನೇ ಹೆಸರು ಹಿಡಿದು ಕರೆದು, ನಿನ್ನ ಭಾಷಣ ಎಲ್ಲಿಗೆ ಹೊರಟಿದೆ ಎಂದು ಸೆನೆಟರ್‌ಗಳಿಗೆ ಹೇಳುವ ಹೊತ್ತಾಯಿತು ಎನ್ನುತ್ತಾನೆ. ಟ್ಯಾಸಿಟಸ್ ಸುಳ್ಳುಗಾರನಲ್ಲ, ಅವನ ಕಾಲದಲ್ಲಿ ಇತಿಹಾಸ ಬರೆಯುವುದೆಂದರೆ ಭಾಷಣವನ್ನು ಹೊಸದಾಗಿ ಕಟ್ಟುವುದೂ ಸೇರಿತ್ತು. ಆದರೆ ಪ್ರಾಮಾಣಿಕನಾದವನ ಕೈಯಲ್ಲೇ ದೊರೆಯೊಬ್ಬ ಇಷ್ಟು ಬದಲಾಗುವುದಾದರೆ, ದ್ವೇಷ ಇಟ್ಟುಕೊಂಡವನ ಕೈಯಲ್ಲಿ ಎಷ್ಟು ಬದಲಾಗಬೇಡ?

ನೀರೋನ ಆತ್ಮಹತ್ಯೆಯ ನಂತರ ಒಂದೂವರೆ ವರ್ಷದೊಳಗೆ ಗಾಲ್ಬಾ, ಓಥೋ, ವಿಟೆಲಿಯಸ್, ವೆಸ್ಪಾಸಿಯನ್ ಎಂಬ ನಾಲ್ವರು ಚಕ್ರವರ್ತಿಗಳಾದರು. ಕೊನೆಗೆ ಗೆದ್ದ ವೆಸ್ಪಾಸಿಯನ್ ರಾಜವಂಶದವನಲ್ಲ, ತೆರಿಗೆ ವಸೂಲಿ ಮಾಡುತ್ತಿದ್ದವನ ಮಗ. ಅವನ ಅಧಿಕಾರಗಳನ್ನು ಪಟ್ಟಿ ಮಾಡಿದ ಕಾನೂನಿನ ಕಂಚಿನ ಫಲಕ ರೋಮ್‌ನ ಕ್ಯಾಪಿಟೋಲೈನ್ ವಸ್ತುಸಂಗ್ರಹಾಲಯದಲ್ಲಿದೆ. ಒಂದೊಂದು ಅಧಿಕಾರಕ್ಕೂ ಹಿಂದಿನ ನಿದರ್ಶನ ಕೊಡುತ್ತ ಹೋಗುವ ಆ ಫಲಕದಲ್ಲಿ ಬರುವ ಹೆಸರುಗಳು ಮೂರೇ: ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್. ಕ್ಯಾಲಿಗುಲಾ ಇಲ್ಲ, ನೀರೋ ಇಲ್ಲ, ನಡುವಿನ ಮೂವರೂ ಇಲ್ಲ. ಯಾರನ್ನು ನೆನೆಯಬೇಕು, ಯಾರನ್ನು ನೆನೆಯಬಾರದು ಎಂಬುದು ಕಾನೂನಿನ ಭಾಷೆಯೊಳಗೇ ಹೀಗೆ ತೀರ್ಮಾನವಾಗಿಹೋಯಿತು.

ಇಷ್ಟು ಹೇಳಿದ ಮೇಲೆ, ಎಲ್ಲವೂ ಕಟ್ಟುಕಥೆ ಎಂದು ತಳ್ಳಿಹಾಕುವುದೂ ತಪ್ಪು. ಕೊಮೊಡಸ್‌ನ ವಿಷಯದಲ್ಲಿ ನಮಗೆ ಕಣ್ಣಾರೆ ಕಂಡವನ ಸಾಕ್ಷಿ ಇದೆ. ಅಖಾಡಕ್ಕಿಳಿದು ಪ್ರಾಣಿಗಳನ್ನು ಕೊಲ್ಲುವ ಗೀಳಿದ್ದ ಆ ಚಕ್ರವರ್ತಿ ಒಂದು ದಿನ ಉಷ್ಟ್ರಪಕ್ಷಿಯೊಂದರ ತಲೆ ಕತ್ತರಿಸಿ, ಎಡಗೈಯಲ್ಲಿ ಆ ತಲೆಯನ್ನೂ ಬಲಗೈಯಲ್ಲಿ ರಕ್ತ ಸೋರುವ ಕತ್ತಿಯನ್ನೂ ಎತ್ತಿ ಹಿಡಿದು, ಸೆನೆಟರ್‌ಗಳು ಕುಳಿತಿದ್ದ ಸಾಲಿನತ್ತ ಬಂದ. ಮಾತಾಡಲಿಲ್ಲ; ಹಲ್ಲು ಕಿರಿದು ತಲೆಯಾಡಿಸಿದ, ನಿಮಗೂ ಇದೇ ಗತಿ ಎನ್ನುವಂತೆ. ಆ ಸಾಲಿನಲ್ಲಿ ಕ್ಯಾಸಿಯಸ್ ಡಿಯೋ ಇದ್ದ. ತಮಗೆ ಬಂದದ್ದು ಭಯವಲ್ಲ, ನಗು ಎಂದು ಆತ ಬರೆಯುತ್ತಾನೆ. ನಕ್ಕರೆ ಅಲ್ಲೇ ಸಾವು. ಆತ ತನ್ನ ತಲೆಯ ಮೇಲಿದ್ದ ಮಾಲೆಯಿಂದ ಎಲೆ ಕಿತ್ತು ಬಾಯಿಗೆ ಹಾಕಿ ಅಗಿಯತೊಡಗಿದ, ಪಕ್ಕದವರಿಗೂ ಹಾಗೆಯೇ ಮಾಡುವಂತೆ ಸೂಚಿಸಿದ. ಬಾಯಿ ಆಡುತ್ತಿದ್ದರೆ ನಗು ಕಾಣುವುದಿಲ್ಲವಲ್ಲ. ಎಲೆ ಅಗಿಯುವ ಆ ಸಣ್ಣ ವಿವರವನ್ನು ಕಲ್ಪಿಸಿ ಬರೆಯುವುದು ಕಷ್ಟ. ನಾನು ಇದನ್ನು ನಂಬುತ್ತೇನೆ.

ಕ್ರಿ.ಶ. 192ರ ಕೊನೆಯ ದಿನ ಕೊಮೊಡಸ್‌ನ ಕೊಲೆಯಾಯಿತು. ಸೆನೆಟ್ ಅವನ ನೆನಪನ್ನೇ ಶಪಿಸಿತು. ಅವನ ನಂತರ ಬಂದ ಪರ್ಟಿನಾಕ್ಸ್‌ನನ್ನು ಕಾವಲುಪಡೆ ಮೂರೇ ತಿಂಗಳಲ್ಲಿ, 193ರ ಮಾರ್ಚ್ 28ರಂದು ಕೊಂದುಹಾಕಿತು. ಅಂದು ಪಾಳೆಯದಲ್ಲಿ ಚಕ್ರವರ್ತಿ ಪದವಿ ಹರಾಜಿಗೆ ನಿಂತಿತು. ಒಳಗಿನಿಂದ ಕೂಗುತ್ತಿದ್ದವನು ಸತ್ತವನ ಮಾವ. ಹೊರಗೆ ಗೋಡೆಯ ಬಳಿ ನಿಂತವನು ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ಸೆನೆಟರ್. ಸೈನಿಕರು ಇವನ ಮಾತನ್ನು ಅವನಿಗೂ ಅವನದನ್ನು ಇವನಿಗೂ ಮುಟ್ಟಿಸುತ್ತಿದ್ದರು. ತಲೆಗೆ 20,000 ಸೆಸ್ಟರ್ಸ್‌ವರೆಗೆ ಏರಿದಾಗ ಜೂಲಿಯಾನಸ್ ಒಮ್ಮೆಲೇ 5,000 ಹೆಚ್ಚಿಸಿ, ಗಟ್ಟಿಯಾಗಿ ಕೂಗಿ, ಬೆರಳುಗಳನ್ನೂ ಎತ್ತಿ ತೋರಿಸಿದ. ಹರಾಜು ಅವನಿಗೆ ಆಯಿತು. ಅವನು ಆಳಿದ್ದು 66 ದಿನ.

ಅವನನ್ನು ಕೆಡವಿ ಸೇನೆಯೊಂದಿಗೆ ಬಂದವನು ಇಂದಿನ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾ ಪಟ್ಟಣದಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸ್. ತನಗೊಂದು ವಂಶ ಬೇಕಾಗಿತ್ತು, ಆದ್ದರಿಂದ ತಾನು ಮಾರ್ಕಸ್ ಆರೇಲಿಯಸ್‌ನ ಮಗ ಎಂದು ಘೋಷಿಸಿಕೊಂಡ. ಮಾರ್ಕಸ್ ಸತ್ತು ಆಗಲೇ ಹದಿನೈದು ವರ್ಷವಾಗಿತ್ತು. ಮಾರ್ಕಸ್ ತಂದೆಯಾದರೆ ಕೊಮೊಡಸ್ ಸೋದರನಾಗಬೇಕಲ್ಲ? ಕೆಲವೇ ವರ್ಷಗಳ ಹಿಂದೆ ಸೆನೆಟ್ ಶಪಿಸಿದ್ದ ಅದೇ ಕೊಮೊಡಸ್ ಈಗ ದೇವರಾದ. ಅವನನ್ನು ಪೂಜಿಸುವ ನಿರ್ಣಯಕ್ಕೆ ಒಪ್ಪಿಗೆ ಕೊಡಬೇಕಾದವರಲ್ಲಿ ಎಲೆ ಅಗಿದು ನಗು ನುಂಗಿದ್ದವರೂ ಇದ್ದರು. ಸತ್ತವನ ನಡತೆಯಲ್ಲಿ ಏನೂ ಬದಲಾಗಿರಲಿಲ್ಲ, ಆಳುವವನ ಅಗತ್ಯ ಬದಲಾಗಿತ್ತು. ನಾನು ಹೇಳಬಯಸುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ರೋಮ್‌ನ ಇತಿಹಾಸದಲ್ಲಿ ಇನ್ನೊಂದಿಲ್ಲ.

ಸೆವೆರಸ್‌ನ ಸ್ವಂತ ಮನೆಯಲ್ಲೂ ಇದೇ ನಡೆಯಿತು. ಅವನ ಮಕ್ಕಳಾದ ಕ್ಯಾರಕಲ್ಲಾ ಮತ್ತು ಗೆಟಾ 211ರಲ್ಲಿ ಜಂಟಿಯಾಗಿ ಪಟ್ಟಕ್ಕೆ ಬಂದರು; ವರ್ಷ ಮುಗಿಯುವುದರೊಳಗೆ ತಮ್ಮನನ್ನು ಅಣ್ಣ ತಾಯಿಯ ತೋಳಿನಲ್ಲೇ ಕೊಲ್ಲಿಸಿದ. ಆಮೇಲೆ ಸಾಮ್ರಾಜ್ಯದ ಉದ್ದಗಲಕ್ಕೂ ಗೆಟಾನ ಹೆಸರು, ಮುಖ ಅಳಿಸುವ ಕೆಲಸ ನಡೆಯಿತು. ರೋಮ್‌ನ ಫೋರಮ್‌ನಲ್ಲಿ 203ರಲ್ಲಿ ನಿಲ್ಲಿಸಿದ ಸೆವೆರಸ್‌ನ ಕಮಾನು ಇಂದಿಗೂ ಇದೆ. ಅದರ ನೆತ್ತಿಯ ಶಾಸನದ ನಾಲ್ಕನೇ ಸಾಲಿನಲ್ಲಿ ಗೆಟಾನ ಹೆಸರಿದ್ದ ಜಾಗವನ್ನು ಉಜ್ಜಿ, ‘ಅತ್ಯುತ್ತಮರೂ ಅತಿ ಶೂರರೂ ಆದ ದೊರೆಗಳಿಗೆ’ ಎಂಬ ಪದಗಳನ್ನು ತುಂಬಿದ್ದಾರೆ. ಆದರೆ ಮೊದಲಿನ ಕಂಚಿನ ಅಕ್ಷರಗಳನ್ನು ಕಲ್ಲಿಗೆ ಹಿಡಿದಿದ್ದ ಮೊಳೆಗಳ ತೂತುಗಳು ಅಳಿಯಲಿಲ್ಲ. ಆ ತೂತುಗಳನ್ನು ಜೋಡಿಸಿಯೇ ವಿದ್ವಾಂಸರು ಅಳಿಸಿದ ಹೆಸರನ್ನು ಮತ್ತೆ ಓದಿದ್ದಾರೆ. ಅಂದಹಾಗೆ, ಸಾಮ್ರಾಜ್ಯದ ಬಹುಪಾಲು ಎಲ್ಲ ಸ್ವತಂತ್ರ ನಿವಾಸಿಗಳಿಗೂ 212ರಲ್ಲಿ ರೋಮನ್ ಪೌರತ್ವ ಕೊಟ್ಟವನು ತಮ್ಮನನ್ನು ಕೊಂದ ಇದೇ ಕ್ಯಾರಕಲ್ಲಾ.

ಈ ಹಳೆಯ ಬರಹಗಳು ಇಂದಿನ ವಿವಾದಗಳಿಗೂ ಸಾಕ್ಷಿಯಾಗಿ ಬರುತ್ತಿರುವುದರಿಂದ ಅವನ್ನು ಓದುವ ರೀತಿ ನಮಗೆ ಗೊತ್ತಿರಬೇಕು. 2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ತ್ ಹರ್ಟ್‌ಫರ್ಡ್‌ಶೈರ್ ವಸ್ತುಸಂಗ್ರಹಾಲಯ, ತನ್ನ ಬಳಿ ನಾಣ್ಯವಿದ್ದ ಚಕ್ರವರ್ತಿ ಎಲಗಬಾಲಸ್‌ನನ್ನು ಇನ್ನು ಮುಂದೆ ಸ್ತ್ರೀ ಸರ್ವನಾಮದಲ್ಲಿ ಉಲ್ಲೇಖಿಸುವುದಾಗಿ ಹೇಳಿತು. ಸಿರಿಯಾದ ಎಮೆಸಾದಿಂದ ಬಂದು, 218ರಲ್ಲಿ ಸುಮಾರು 14ನೇ ವಯಸ್ಸಿಗೆ ಚಕ್ರವರ್ತಿಯಾಗಿ, 222ರಲ್ಲಿ ಕೊಲೆಯಾದ ಎಲಗಬಾಲಸ್ ‘ನನ್ನನ್ನು ಒಡೆಯ ಎನ್ನಬೇಡ, ನಾನು ಹೆಣ್ಣು’ ಎಂದದ್ದಾಗಿ ಡಿಯೋ ಬರೆದಿರುವುದು ಇದಕ್ಕೆ ಆಧಾರ. ಲಿಂಗತ್ವ ಅಲ್ಪಸಂಖ್ಯಾತರು ಎಲ್ಲ ಕಾಲದಲ್ಲೂ ಇದ್ದರು, ಇತಿಹಾಸದಲ್ಲಿ ಅವರಿಗೆ ಜಾಗವಿರಬೇಕು ಎಂಬ ಕಾಳಜಿ ನ್ಯಾಯವಾದದ್ದು. ಆದರೆ ಈ ಸಾಕ್ಷಿಯ ಬೇರು ನೋಡಿ. ಆ ನಾಲ್ಕು ವರ್ಷ ಡಿಯೋ ರೋಮ್‌ನಲ್ಲಿರಲಿಲ್ಲ, ಏಷ್ಯಾ ಮೈನರ್‌ನಲ್ಲಿ ಅಧಿಕಾರಿಯಾಗಿದ್ದ. ಎಲಗಬಾಲಸ್‌ನ ಕೊಲೆಯ ನಂತರ ಪಟ್ಟಕ್ಕೆ ಬಂದ ಸೋದರಸಂಬಂಧಿ ಸೆವೆರಸ್ ಅಲೆಕ್ಸಾಂಡರ್‌ನ ಆಳ್ವಿಕೆಯಲ್ಲಿ ಆತ ಉನ್ನತ ಹುದ್ದೆಗಳನ್ನು ಪಡೆದ. 229ರಲ್ಲಿ ಆ ಚಕ್ರವರ್ತಿಯ ಜೊತೆಯಲ್ಲೇ ಕಾನ್ಸಲ್ ಆದ. ಪೂರ್ವ ದೇಶದವನು, ಹೆಣ್ಣಿಗ ಎಂದು ಹಳಿಯುವುದು ರೋಮನ್ ಬೈಗುಳದ ಸಿದ್ಧ ಅಚ್ಚು. ಡಿಯೋನ ಮಾತಿನಲ್ಲಿ ಸತ್ಯದ ಎಳೆಯೊಂದು ಇದ್ದಿರಬಹುದು, ಇಲ್ಲದೆಯೂ ಇರಬಹುದು. ಆದರೆ ಹದಿಹರೆಯದವನೊಬ್ಬನನ್ನು ಅವಮಾನಿಸಲು ಅವನ ಕೊಲೆಯಿಂದ ಲಾಭ ಪಡೆದವರ ಪಕ್ಷದಲ್ಲಿ ನಿಂತು ಬರೆದದ್ದನ್ನು ಅವನದೇ ಮಾತು ಎಂದು ಸ್ವೀಕರಿಸುವುದು, ಯಾವ ಉದ್ದೇಶಕ್ಕಾದರೂ ಸರಿ, ಭಾರ ಹೊರಲಾರದ ಹಲಗೆಯ ಮೇಲೆ ಕಾಲಿಟ್ಟಂತೆ.

ಅತಿಥಿಗಳನ್ನು ಹೂವಿನಲ್ಲಿ ಮುಳುಗಿಸಿ ಕೊಂದ ಕಥೆಯೂ ಇವನದೇ. ಅದು ಡಿಯೋನಲ್ಲೂ ಇಲ್ಲ. ಸುಮಾರು 150 ವರ್ಷಗಳಿಗೂ ಹೆಚ್ಚು ಕಾಲದ ನಂತರ, ಆರು ಲೇಖಕರ ಹೆಸರು ಹೊತ್ತು ಬಂದಿದ್ದರೂ ಒಬ್ಬನೇ ಬರೆದದ್ದೆಂದು ಬಹುತೇಕ ವಿದ್ವಾಂಸರು ಒಪ್ಪುವ ಜೀವನಚರಿತ್ರೆಗಳ ಸಂಕಲನದಲ್ಲಿ ಅದು ಬರುತ್ತದೆ. ಅಲ್ಲಿಯೂ ಹೇಳಿರುವುದು ನೇರಳೆ ಬಣ್ಣದ ವಯಲೆಟ್ ಮೊದಲಾದ ಹೂಗಳನ್ನು. ಅವು ಗುಲಾಬಿಗಳಾದದ್ದು 1888ರಲ್ಲಿ, ಲಾರೆನ್ಸ್ ಆಲ್ಮಾ ಟಡೇಮಾ ಬರೆದ ಚಿತ್ರದಲ್ಲಿ. ಇಂದು ಮೊಬೈಲಿನಲ್ಲಿ ಬರುವುದು ಆ ಚಿತ್ರ, ಅದರ ಕೆಳಗೆ ‘ಸತ್ಯ ಘಟನೆ’ ಎಂಬ ಒಕ್ಕಣೆ.

235ರಿಂದ 284ರವರೆಗಿನ ಐವತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು, ಹಾಸಿಗೆಯಲ್ಲಿ ಮಲಗಿ ಸತ್ತವರು ಬೆರಳೆಣಿಕೆಯಷ್ಟು. ಪ್ರತಿಯೊಬ್ಬನೂ ಸೈನಿಕರಿಗೆ ಹಣ ಸುರಿಯಬೇಕಿತ್ತು. ಆಗಸ್ಟಸ್‌ನ ಕಾಲದಲ್ಲಿ ಹೆಚ್ಚುಕಡಿಮೆ ಶುದ್ಧ ಬೆಳ್ಳಿಯಾಗಿದ್ದ ನಾಣ್ಯ 270ರ ಹೊತ್ತಿಗೆ ನೂರಕ್ಕೆ ಐದು ಪಾಲೂ ಬೆಳ್ಳಿ ಇಲ್ಲದ, ಮೇಲೆ ಬೆಳ್ಳಿಯ ಲೇಪ ಸವರಿದ ತಾಮ್ರದ ಬಿಲ್ಲೆಯಾಗಿತ್ತು.

ರೋಗದ ಮೂಲ ಎಲ್ಲಿದೆ ಎಂದು ಅರಿತು ಮದ್ದು ಮಾಡಲು ಹೊರಟವನು ಡಯೊಕ್ಲೀಷಿಯನ್. 293ರ ಹೊತ್ತಿಗೆ ಅವನು ಇಬ್ಬರು ಹಿರಿಯ, ಇಬ್ಬರು ಕಿರಿಯ ಚಕ್ರವರ್ತಿಗಳ ವ್ಯವಸ್ಥೆ ಮಾಡಿದ. ಹಿರಿಯರು ತಾವಾಗಿ ಇಳಿಯುವುದು, ಕಿರಿಯರು ಏರುವುದು, ಹೊಸ ಕಿರಿಯರನ್ನು ಆರಿಸುವುದು. ಆ ನಾಲ್ವರ ಕೆಂಗಲ್ಲಿನ ಶಿಲ್ಪ ಈಗ ವೆನಿಸ್‌ನ ಸಂತ ಮಾರ್ಕನ ಚರ್ಚಿನ ಮೂಲೆಯಲ್ಲಿದೆ: ಇಬ್ಬಿಬ್ಬರಾಗಿ ಅಪ್ಪಿಕೊಂಡು, ಇನ್ನೊಂದು ಕೈಯಲ್ಲಿ ಕತ್ತಿಯ ಹಿಡಿಯನ್ನು ಹಿಡಿದು, ಯಾರು ಯಾರೆಂದು ಹೇಳಲಾಗದಷ್ಟು ಒಂದೇ ಮುಖದವರಾಗಿ ನಿಂತಿದ್ದಾರೆ. 305ರ ಮೇ 1ರಂದು ಡಯೊಕ್ಲೀಷಿಯನ್ ಹೇಳಿದಂತೆಯೇ ಪದವಿ ಬಿಟ್ಟಿಳಿದು, ತನ್ನ ಸಹ ಚಕ್ರವರ್ತಿ ಮ್ಯಾಕ್ಸಿಮಿಯನ್‌ನನ್ನೂ ಇಳಿಸಿ, ಇಂದಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಕಟ್ಟಿಸಿದ್ದ ಅರಮನೆಗೆ ಹೋಗಿಬಿಟ್ಟ. ವ್ಯವಸ್ಥೆ ಒಂದೂವರೆ ವರ್ಷವೂ ನಿಲ್ಲಲಿಲ್ಲ. 306ರ ಜುಲೈನಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ಕಿರಿಯ ಪಟ್ಟದಿಂದ ಹಿರಿಯನಾಗಿದ್ದವನು ಸತ್ತಾಗ, ಸೈನಿಕರು ನಿಯಮವನ್ನು ಬದಿಗಿಟ್ಟು ಅವನ ಮಗ ಕಾನ್‌ಸ್ಟಂಟೈನ್‌ನನ್ನು ಚಕ್ರವರ್ತಿ ಎಂದು ಕೂಗಿದರು. ಮತ್ತೆ ಅಧಿಕಾರ ಹಿಡಿ ಎಂದು ಕೇಳಲು ಬಂದವರಿಗೆ ಡಯೊಕ್ಲೀಷಿಯನ್, ತಾನು ಕೈಯಾರೆ ಬೆಳೆಸಿದ ಎಲೆಕೋಸನ್ನು ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂದನಂತೆ.

ಕೆಲವು ವರ್ಷಗಳ ನಂತರ ಕಾನ್‌ಸ್ಟಂಟೈನ್ ತನ್ನ ವಿರುದ್ಧ ತಿರುಗಿಬಿದ್ದ ಮ್ಯಾಕ್ಸಿಮಿಯನ್‌ನನ್ನು ಮುಗಿಸಿ, ಅವನ ಚಿತ್ರಗಳನ್ನೂ ಮೂರ್ತಿಗಳನ್ನೂ ಎಲ್ಲೆಡೆ ಕಿತ್ತುಹಾಕಲು ಅಪ್ಪಣೆ ಮಾಡಿದ. ಇಬ್ಬರು ಹಿರಿಯರನ್ನೂ ಹೆಚ್ಚಾಗಿ ಜೊತೆಯಲ್ಲೇ ಚಿತ್ರಿಸಿದ್ದರಿಂದ ಒಬ್ಬನದನ್ನು ಕಿತ್ತಾಗ ಇನ್ನೊಬ್ಬನದೂ ಉರುಳಿತು. ಹಿಂದಿನ ಯಾವ ಚಕ್ರವರ್ತಿಯೂ ಕಾಣದಿದ್ದುದನ್ನು ಡಯೊಕ್ಲೀಷಿಯನ್ ಬದುಕಿದ್ದಾಗಲೇ ಕಂಡ, ಆ ಕೊರಗಿನಲ್ಲಿ ಅನ್ನ ಬಿಟ್ಟು, ನಿದ್ದೆ ಬಿಟ್ಟು ಸತ್ತ ಎಂದು ಲ್ಯಾಕ್ಟಾಂಟಿಯಸ್ ಎಂಬಾತ ಬರೆದಿದ್ದಾನೆ. ಈ ಲ್ಯಾಕ್ಟಾಂಟಿಯಸ್, ಡಯೊಕ್ಲೀಷಿಯನ್ 303ರಲ್ಲಿ ಕ್ರೈಸ್ತರ ಮೇಲೆ ನಡೆಸಿದ ದಮನವನ್ನು ಹತ್ತಿರದಿಂದ ಕಂಡ ಕ್ರೈಸ್ತ. ಮುಂದೆ ಕಾನ್‌ಸ್ಟಂಟೈನ್‌ನ ಮಗನಿಗೆ ಪಾಠ ಹೇಳುವ ಗುರುವಾಗಿ ನೇಮಕಗೊಂಡವನು.